ಉದ್ದ ತಿರುವಿನ ವೇಗ

"ನಾನು ಹೆದರುಪುಕ್ಕಲ ಅಂತ ಮ್ಯಾನೇಜರ್ ಹತ್ರ ಹೇಳಿದ್ದು ನೀವೇನಾ?"

ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿ ಕೇಳಿದ ಅವನು. ಅವಳು ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ.

"ಹಾಗನ್ನಲಿಲ್ಲ. ಉದ್ದ ತಿರುವಿನಲ್ಲಿ ನೂರ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಹೋಗ್ತಿದ್ದೀರಿ, ಕಾರು ಇನ್ನೂರ ಹದಿನೈದಕ್ಕೂ ತಡೆಯುತ್ತೆ ಅಂದೆ."

"ಎರಡೂ ಒಂದೇ ತಾನೆ!"

"ಅದು ಬೈಗುಳ. ಇದು ಲೆಕ್ಕ."

ಗ್ಯಾರೇಜಿನ ಮೆಕ್ಯಾನಿಕ್‌ಗಳು ಮುಸಿಮುಸಿ ನಕ್ಕರು. ಅವಳಿಗೆ ಅವರಿಟ್ಟ ಹೆಸರೇ ಲೆಕ್ಕದಮ್ಮ. ಓಡುವ ರೇಸ್ ಕಾರಿನಿಂದ ಬರುವ ಅಂಕಿಗಳನ್ನು ಓದಿ, ಚಾಲಕನಿಗೆ ರೇಡಿಯೋದಲ್ಲಿ ದಾರಿ ಹೇಳುವುದು ಅವಳ ಕೆಲಸ. ಮನಸ್ಸನ್ನು ಮನೆಯಲ್ಲೇ ಬಿಟ್ಟು ಬರುವ ಹೆಣ್ಣು ಎಂದು ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು.

ತಂಡದಲ್ಲಿ ಖಾಲಿ ಇದ್ದದ್ದು ಒಂದೇ ಸೀಟು. ಅದಕ್ಕೆ ಇಬ್ಬರು. ಒಬ್ಬ ಈ ಹೊಸಬ, ಸಣ್ಣ ದರ್ಜೆಯ ಕಾರುಗಳಿಂದ ಮೇಲೆ ಬಂದವನು. ಇನ್ನೊಬ್ಬ ಅವಳ ಚಿಕ್ಕಪ್ಪನ ಮಗ. ಹೊಸಬನ ಸಿಟ್ಟಿಗೆ ಅದೇ ಮೂಲ. ತಮ್ಮನಿಗಾಗಿ ಅಕ್ಕ ತನ್ನ ಕಾಲೆಳೆಯುತ್ತಿದ್ದಾಳೆ ಎಂದು ಅವನ ಎಣಿಕೆ.

ಅವಳು ವಾದಕ್ಕಿಳಿಯಲಿಲ್ಲ. ಪಕ್ಕದ ಕುರ್ಚಿ ಎಳೆದು, "ಕೂತ್ಕೊಳ್ಳಿ" ಎಂದಳು.

ಪರದೆಯ ಮೇಲೆ ವೇಗ ತೋರಿಸುವ ಮೂರು ಗೆರೆಗಳು ಬಂದವು. ಒಂದೇ ಟ್ರ್ಯಾಕ್, ಮೂರು ದರ್ಜೆಯ ಕಾರು. ಮೂರಕ್ಕೂ ಚಕ್ರಗಳು ಮೈಯಿಂದ ಹೊರಗೇ.

"ಈ ಬಿಗಿ ತಿರುವು ನೋಡಿ. ಮೂರೂ ಹೆಚ್ಚುಕಡಿಮೆ ಒಂದೇ ವೇಗ. ಇಷ್ಟು ನಿಧಾನದಲ್ಲಿ ಗಾಳಿಗೆ ಕೆಲಸ ಇಲ್ಲ, ಎಲ್ಲ ಟೈರಿನದ್ದೇ. ಈಗ ಉದ್ದ ತಿರುವು. ರೆಕ್ಕೆಯೇ ಇಲ್ಲದ ಕಾರು ನೂರ ನಲವತ್ತು. ನಿಮ್ಮ ಹಳೇ ಕಾರು ನೂರ ಅರವತ್ತೈದು. ಇದು..."

"ಇನ್ನೂರ ಹದಿನೈದು. ಗೊತ್ತಾಯ್ತು."

"ವೇಗ ಎರಡರಷ್ಟಾದರೆ ರೆಕ್ಕೆಗೆ ಬಡಿಯೋ ಗಾಳಿ ನಾಲ್ಕರಷ್ಟು ಜೋರಾಗಿ ಕಾರನ್ನ ನೆಲಕ್ಕೆ ಒತ್ತುತ್ತೆ. ಅದೇ ಡೌನ್‌ಫೋರ್ಸ್. ನಿಮ್ಮ ಕಾಲು ಇನ್ನೂ ಹಳೇ ಕಾರಲ್ಲೇ ಇದೆ."

"ಮತ್ತೆ ನಿನ್ನೆ ಜಾರಿತಲ್ಲ?"

"ತಿರುವಿನ ಮಧ್ಯದಲ್ಲಿ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರಿ. ಹಿಂಬದಿ ಹಗುರಾಯ್ತು."

"ಹೆದರಿ ಅಂದ್ರಿ! ಈಗ ಅಂದ್ರಿ!"

ಅವಳು ನಾಲಿಗೆ ಕಚ್ಚಿಕೊಂಡಳು. ಅವನು ಹೊಟ್ಟೆ ಹಿಡಿದು ನಕ್ಕ. ಅವಳಿಗೂ ನಗು ಬಂತು, ತಡೆಯಲಾಗಲಿಲ್ಲ.

ಆಮೇಲೆ ಆ ಕುರ್ಚಿ ಅವನದೇ ಆಯಿತು. ವಾರಗಟ್ಟಲೆ ಇಬ್ಬರೂ ಗೆರೆಯ ಮೇಲೆ ಗೆರೆ ಇಟ್ಟು ನೋಡಿದರು. ನೂರ ಎಂಬತ್ತು ಇನ್ನೂರರ ಹತ್ತಿರ ಬಂತು. ಅವನು ಬರುವುದು ತಡವಾದರೆ ಅವಳು ಬಾಗಿಲ ಕಡೆ ನೋಡುತ್ತಿದ್ದಳು. 'ನನಗೇನಾಗಿದೆ?' ಎಂದು ತನ್ನನ್ನೇ ಗದರಿಸಿಕೊಂಡು ಮತ್ತೆ ನೋಡುತ್ತಿದ್ದಳು.

ಆಯ್ಕೆಯ ದಿನ ತಮ್ಮನ ಓಟ ಮೊದಲು ಮುಗಿಯಿತು, ಚೆನ್ನಾಗಿಯೇ. ಹೊಸಬ ಟ್ರ್ಯಾಕಿಗೆ ಇಳಿದ.

"ಇವತ್ತಿನ ಗಾಳಿಗೆ ಉದ್ದ ತಿರುವು ಎಷ್ಟು?" ರೇಡಿಯೋದಲ್ಲಿ ಅವನ ದನಿ.

ಪರದೆ ಅಂದೂ ಇನ್ನೂರ ಹದಿನೈದೇ ಎನ್ನುತ್ತಿತ್ತು. ಅವಳಿಗೆ ಮಾತ್ರ ತಿರುವಿನಾಚೆಯ ಗೋಡೆ ಕಂಡಿತು. ಗೋಡೆ ಎಂದೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

"ಇನ್ನೂರ ಐದು... ಅಷ್ಟು ಸಾಕು."

ಅವನು ಅಷ್ಟೇ ಹೋದ. ಸುತ್ತಿನ ಸಮಯದಲ್ಲಿ ತಮ್ಮನಿಗಿಂತ ಕೂದಲೆಳೆಯಷ್ಟು ಹಿಂದೆ ಬಿದ್ದ.

ಕಾರಿನಿಂದಿಳಿದು ನೇರ ಬಂದವನು ಪರದೆ ನೋಡಿದ. ಮುಖ ಕಪ್ಪಿಟ್ಟಿತು.

"ಇಲ್ಲಿ ಹದಿನೈದು ಅಂತಿದೆ. ನನಗ್ಯಾಕೆ ಐದು ಅಂದ್ರಿ?"

ಅವಳು ಪರದೆ ಆರಿಸಿದಳು.

"ಮೊದಲ ದಿನವೇ ಅಂದ್ಕೊಂಡಿದ್ದೆ. ರಕ್ತ ಸಂಬಂಧ ದೊಡ್ಡದು, ಬಿಡಿ!"

ಅವನು ತಿರುಗಿ ಹೊರಟ. ಅವಳು ಕುರ್ಚಿ ಬಿಟ್ಟೆದ್ದಳು.

"ನಿಲ್ಲಿ! ತಮ್ಮನಿಗೆ ಹದಿನೈದು ಅಂತಲೇ ಹೇಳಿದೆ. ಕಣ್ಣು ಮಿಟುಕಿಸದೆ ಹೇಳಿದೆ. ನಿಮಗೆ ಹೇಳೋಕೆ... ನಾಲಿಗೆ ಏಳಲಿಲ್ಲ."

"ಯಾಕೆ?"

"ನಿಮಗೇನಾದ್ರೂ ಆದ್ರೆ ನಾನು ಬದುಕೋದು ಹೇಗೆ ಅನ್ನಿಸ್ತು. ತಪ್ಪು ನನ್ನದು. ಸೀಟು ಹೋದ್ರೆ ಅದಕ್ಕೂ ನಾನೇ ಕಾರಣ."

ಮೆಕ್ಯಾನಿಕ್‌ಗಳ ಕೈಯಲ್ಲಿನ ಸ್ಪ್ಯಾನರ್‌ಗಳು ಅಲ್ಲಲ್ಲೇ ನಿಂತವು. ಅವಳು ಮ್ಯಾನೇಜರ್ ಹತ್ತಿರ ಹೋಗಿ, ತಾನು ಸುಳ್ಳು ಹೇಳಿದ್ದನ್ನು ಎಲ್ಲರೆದುರೇ ಒಪ್ಪಿಕೊಂಡು, ಅವನಿಗೆ ಇನ್ನೊಂದು ಸುತ್ತು ಕೇಳಿದಳು. ಮ್ಯಾನೇಜರ್ ಗುರ್ರೆಂದರು, ಬೈದರು, ಕೊನೆಗೆ ತಲೆಯಾಡಿಸಿದರು.

"ಉದ್ದ ತಿರುವು ಎಷ್ಟು?"

"ಇನ್ನೂರ ಹದಿನೈದು. ಕಾಲು ತೆಗೀಬೇಡಿ."

ಅವನು ತೆಗೆಯಲಿಲ್ಲ. ಕಾರು ನೆಲಕ್ಕಂಟಿಕೊಂಡು ತಿರುವು ದಾಟಿತು. ಸೀಟು ಅವನದಾಯಿತು. ತಮ್ಮ ಬಂದು ಅವನ ಕೈ ಕುಲುಕಿ, ಅಕ್ಕನನ್ನು ದುರುಗುಟ್ಟಿ ನೋಡಿ, ನಕ್ಕು ಹೋದ.

ಗ್ಯಾರೇಜ್ ಖಾಲಿಯಾದ ಮೇಲೆ ಅವನು ಬಂದು ಕುರ್ಚಿಯಲ್ಲಿ ಕೂತ. ಅವಳು ತನ್ನ ರೇಡಿಯೋ ಕಳಚಿ ಅವನ ಕೈಗಿಟ್ಟಳು.

"ನಾಳೆಯಿಂದ ನಿಮ್ಮ ರೇಡಿಯೋದಲ್ಲಿ ಬೇರೆಯವರು. ಮ್ಯಾನೇಜರ್‌ಗೆ ನಾನೇ ಹೇಳಿದೆ."

"ಏನು? ನೀವಿಲ್ಲದೆ..."

"ನಾನಿದ್ರೆ ಮತ್ತೆ ಹತ್ತು ಕಮ್ಮಿ ಹೇಳ್ತೀನಿ. ಅದರಿಂದ ನೀವು ಸೋಲ್ತೀರಿ."

ಅವನು ರೇಡಿಯೋವನ್ನು ಮೇಜಿನ ಮೇಲಿಟ್ಟ.

"ಕೆಲಸ ಬಿಟ್ಕೊಟ್ರಿ. ನನ್ನನ್ನೂ ಬಿಟ್ಕೊಡ್ತೀರಾ?"

"ಅಷ್ಟೊಂದು ಒಳ್ಳೆಯವಳಲ್ಲ ನಾನು."

"ಹಾಗಾದ್ರೆ ಇನ್ನು 'ನೀವು' ಅನ್ಬೇಡ."

"ಆಯ್ತು..." ಅವಳ ಕಣ್ಣು ತುಂಬಿತು. "ನಾಳೆ ಹುಷಾರಾಗಿ ಬಾ ಅಂತ ಮಾತ್ರ ಹೇಳ್ಬಹುದಾ?"

"ದಿನಾ ಹೇಳು," ಎಂದ ಅವನು.