ರಾಜೀವಕ್ಕನಿಗೆ ತಪ್ಪು ಮಾಡಲು ಬರಲಿಲ್ಲ

“ಬಿಚ್ಚಿ ಪುನಃ ನೇಯಿ, ಇಲ್ಲದಿದ್ರೆ ಎಕ್ಸಿಬಿಷನ್‌ಗೆ ಇಡೂದಿಲ್ಲ ಅಂತ ಟೀಚರ್ ಹೇಳಿದ್ರು. ನಾಳೆಯೇ ಎಕ್ಸಿಬಿಷನ್! ನೀವೇ ಸರಿಮಾಡಿ ಕೊಡಿ ರಾಜೀವಕ್ಕ, ಪ್ಲೀಸ್.”

ವಿನೋದಾ ತನ್ನ ಪುಟ್ಟ ಚಾಪೆಯನ್ನು ಜಗಲಿಯಲ್ಲಿ ಹಾಸಿದಳು. ನಟ್ಟನಡುವೆ ಒಂದು ಓಲೆ ಎರಡೆಳೆಯ ಮೇಲೆ ಹಾರಿ ಕೂತಿತ್ತು. ಅಲ್ಲಿಂದಾಚೆ ಸಾಲೆಲ್ಲ ವಾರೆ.

ರಾಜೀವಕ್ಕ ಕಾಸರಗೋಡಿನವರು. ಎರ್ನಾಕುಲಂನಲ್ಲಿ ವಿನೋದಾಳ ಪಕ್ಕದ ಮನೆಯಲ್ಲಿದ್ದು ಕೇದಗೆ ಓಲೆಯ ಚಾಪೆ ನೇಯುತ್ತಿದ್ದರು. ಅವರ ಚಾಪೆಯ ಸಾಲುಗಳು ಸ್ಕೇಲ್ ಇಟ್ಟು ಎಳೆದ ಹಾಗೆ. ಇವತ್ತೇಕೋ ಅವರ ಮುಖ ಬಾಡಿತ್ತು. ವಿನೋದಾಳ ಚಾಪೆ ಕಂಡದ್ದೇ ಕಣ್ಣರಳಿಸಿದರು.

“ಇದನ್ನು ಹೇಗೆ ಮಾಡಿದ್ದು? ನನಗೂ ಹೇಳಿಕೊಡು ಮಾರಾಯ್ತಿ.”

“ಸುಮ್ನೆ ತಮಾಷೆ ಮಾಡ್ಬೇಡಿ!”

“ತಮಾಷೆ ಅಲ್ಲ ಮಗಾ. ನನ್ನ ಚಾಪೆ ಕೊಳ್ಳುವ ಅಂಗಡಿಯ ಮ್ಯಾನೇಜರ್ ಬಂದಿದ್ರು. ನನ್ನ ಚಾಪೆ ಮೆಷಿನ್‌ನಲ್ಲಿ ಮಾಡಿದ ಹಾಗೆ ಉಂಟಂತೆ. ಕೈಯಲ್ಲಿ ಮಾಡಿದ್ದು ಅಂತ ಹಡಗಿನಲ್ಲಿ ಬರುವ ವಿದೇಶಿ ಪ್ರವಾಸಿಗಳಿಗೆ ಗೊತ್ತಾಗ್ಬೇಕಂತೆ. ಒಂದೊಂದರಲ್ಲಿ ಒಂದೊಂದು ತಪ್ಪು ಇರ್ಲಿ, ಇಲ್ಲದಿದ್ರೆ ನಮಗೆ ಬೇಡ ಅಂದ್ರು.”

ವಿನೋದಾಳಿಗೆ ತಲೆಬುಡ ಗೊತ್ತಾಗಲಿಲ್ಲ. ತಪ್ಪಾಯಿತೆಂದು ತನಗೆ ಬೈಗುಳ. ತಪ್ಪಾಗಲಿಲ್ಲವೆಂದು ರಾಜೀವಕ್ಕನಿಗೆ ಬೈಗುಳ! ಹಾಗಾದರೆ ತನ್ನದನ್ನು ಬಿಚ್ಚುವುದೇಕೆ?

“ಸುಲಭ! ಒಂದರ ಬದಲು ಎರಡೆಳೆ ಹಾರಿಸಿ, ಅಷ್ಟೇ,” ಎಂದಳು.

ರಾಜೀವಕ್ಕ ನೇಯತೊಡಗಿದರು. ಬೆರಳು ಸರಸರ ಓಡಿತು. ಎರಡೆಳೆ ಹಾರಿಸಿದರು. ಮರುಕ್ಷಣವೇ ಹೆಬ್ಬೆರಳು ಆ ಓಲೆಯನ್ನು ಸರಿಯಾದ ಜಾಗಕ್ಕೆ ತಳ್ಳಿಬಿಟ್ಟಿತು. ಇನ್ನೊಮ್ಮೆ ಹಾರಿಸಿದರು. ಪುನಃ ಅದೇ ಕತೆ.

ವಿನೋದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ರಾಜೀವಕ್ಕನೂ ನಕ್ಕರು. ಆಮೇಲೆ ತಮ್ಮ ಹೆಬ್ಬೆರಳನ್ನು ಎತ್ತಿ ತೋರಿಸಿದರು.

“ನಾನು ಐದು ವರ್ಷದವಳಿರುವಾಗ ಅಮ್ಮ ಈ ಬೆರಳಿಗೆ ಕುಟ್ಟಿ ಕುಟ್ಟಿ ಕಲಿಸಿದ್ದು. ಈಗ ನಾನು ಹೇಳಿದ್ರೂ ಕೇಳೂದಿಲ್ಲ ನೋಡು.”

“ಹಾಗಾದ್ರೆ ಮ್ಯಾನೇಜರಿಗೆ ಏನು ಹೇಳ್ತೀರಿ?”

“ಯಾರಿಗೆ ಗೊತ್ತು!”

ವಿನೋದಾ ತನ್ನ ಚಾಪೆಯನ್ನು ನೋಡಿದಳು. ಆ ಓಲೆಯನ್ನು ಅವಳೇನೂ ಬೇಕೆಂದು ಹಾರಿಸಿರಲಿಲ್ಲ. ಆಗ ಅವಳ ಕಣ್ಣು ಬೀದಿಯಲ್ಲಿ ಆಡುತ್ತಿದ್ದ ಮಕ್ಕಳ ಮೇಲಿತ್ತು. ಓಲೆ ಎಲ್ಲಿ ಹೋಯಿತೆಂದು ಅವಳು ನೋಡಿಯೇ ಇರಲಿಲ್ಲ.

“ಕೊಡು, ಬಿಚ್ಚಿ ಕೊಡ್ತೇನೆ,” ರಾಜೀವಕ್ಕ ಕೈ ಚಾಚಿದರು.

“ಬೇಡ, ನಾನೇ.”

ಒಂದೊಂದೇ ಓಲೆ ಬಿಚ್ಚಿದಳು. ಒಂದು ಮೇಲೆ, ಒಂದು ಕೆಳಗೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ನೇಯ್ದಳು. ಬೀದಿಯಿಂದ ಯಾರೋ ಎರಡು ಸಲ ಕರೆದರು. ತಲೆ ಎತ್ತಲಿಲ್ಲ.

ಮುಗಿದಾಗ ಸಾಲು ನೆಟ್ಟಗಾಗಿತ್ತು. ಅಂಚು ಮಾತ್ರ ಇನ್ನೂ ಸ್ವಲ್ಪ ಡೊಂಕು. ಎಳೆದು ನೋಡಿದಳು, ಒತ್ತಿ ನೋಡಿದಳು. ಊಹೂಂ.

ಈ ಸಲ ಸರಿಮಾಡಿ ಕೊಡಿ ಎಂದು ರಾಜೀವಕ್ಕನನ್ನು ಕೇಳಲಿಲ್ಲ. ಇವತ್ತು ತನ್ನ ಬೆರಳಿಗೆ ಬರುವುದು ಇಷ್ಟೇ. ಚಾಪೆಯನ್ನು ಮೆಲ್ಲಗೆ ಸುರುಳಿ ಸುತ್ತಿ ಎದೆಗೊತ್ತಿಕೊಂಡು ಮನೆಗೆ ಹೊರಟಳು.