ಜರಡಿ ಹಿಡಿಯದ ಗೋಧಿ

"ತಿನ್ಬೇಡಿ! ಅದನ್ನ ಬಾಯಿಗೆ ಇಡ್ಬೇಡಿ!"

ಬಾಗಿಲು ದೂಡಿಕೊಂಡು ಅಂಗಳಕ್ಕೆ ನುಗ್ಗಿದವನು ಮಸ್ತೂರಾಳ ಕೈಯಲ್ಲಿದ್ದ ರೊಟ್ಟಿಯನ್ನು ಕಿತ್ತುಕೊಂಡ. ಅಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸಬಹುದಿತ್ತು... ಆತ ಅದನ್ನು ಊಟದ ಬಟ್ಟೆಯ ಮೇಲೆ ಮಗುಚಿ ಹಾಕಿ, ಏನನ್ನೋ ಹುಡುಕುವಂತೆ ಅದರ ಬೆನ್ನನ್ನು ಉಗುರಿನಿಂದ ಕೆರೆಯತೊಡಗಿದ!

ಸುತ್ತ ಕೂತಿದ್ದ ಹೆಂಗಸರು ಹೌಹಾರಿದರು. ಕಬೂದ್‌ದರಾದಲ್ಲಿ ಹಸುಗೂಸಿಗೂ ಗೊತ್ತು, ರೊಟ್ಟಿಯನ್ನು ಮಗುಚಿ ಇಡಬಾರದು. ನೆಲಕ್ಕೆ ಬಿದ್ದ ಚೂರನ್ನೂ ಎತ್ತಿ ಕಣ್ಣಿಗೊತ್ತಿಕೊಳ್ಳುವ ಊರು ಅದು. ಸನವ್ಬರ್ ಖೋಲಾ, ಅಂದರೆ ಪಕ್ಕದ ಮನೆಯ ಸನವ್ಬರ್ ಚಿಕ್ಕಮ್ಮ, "ಕೇಡು ಬಂತು ಕಣ್ರೇ, ಮನೆಗೆ ಕೇಡು ಬಂತು" ಎಂದು ಗೊಣಗಿದಳು.

ತಂದೂರಿನ ಬಳಿಯಿದ್ದ ಗುಲ್ಚೆಹ್ರಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಯಾರ್ರೀ ನೀವು? ನಮ್ಮಮ್ಮನ ಕೈಯಿಂದ ಅನ್ನ ಕಿತ್ಕೋತೀರಾ? ರೊಟ್ಟಿ ಮಗುಚ್ತೀರಾ? ನಿಮಗೆ ಹೇಳಿಕೊಡೋ ಹಿರಿಯರು ಯಾರೂ ಇರ್ಲಿಲ್ವಾ ಮನೇಲಿ?"

ಆತ ತಲೆಯೆತ್ತಿದ. ನಿದ್ದೆಗೆಟ್ಟ ಕೆಂಪು ಕಣ್ಣುಗಳು. ಬೈಯಲು ಇನ್ನೂ ನಾಲ್ಕು ಮಾತು ಸಿದ್ಧ ಮಾಡಿಕೊಂಡಿದ್ದ ಗುಲ್ಚೆಹ್ರಾಳಿಗೆ ಯಾಕೋ ಅವು ಬೇಡವೆನಿಸಿದವು. 'ಇದೇನು... ಇವನು ಕೋಪದಲ್ಲಿಲ್ಲ. ಹೆದರಿದ್ದಾನೆ!'

"ನಾನು ಮೆಹ್ರೋಬ್. ಆಸ್ಪತ್ರೆಗೆ ಹೊಸದಾಗಿ ಬಂದಿರೋ ಡಾಕ್ಟರ್" ಎಂದ ಆತ. "ಮೂರು ವಾರದಲ್ಲಿ ನಾಲ್ಕು ಜನ ಬಂದ್ರು ನನ್ನ ಹತ್ರ. ಕೈಕಾಲು ಕಡ್ಡಿ ಥರ, ಹೊಟ್ಟೆ ಮಾತ್ರ ಗುಡಾಣ. ನಾಲ್ಕೂ ಜನ ಈ ಊರೋರು. ನಾಲ್ಕೂ ಜನ ನಿಮ್ಮ ಮಾತು ಕೇಳಿ ಊಟ ಮಾಡೋರು."

ಹೆಂಗಸರೆಲ್ಲ ಗುಲ್ಚೆಹ್ರಾಳತ್ತ ತಿರುಗಿದರು.

ಗುಲ್ಚೆಹ್ರಾಳ ಮಾತು ಎಂದರೆ ಊರಿಗೆ ಸುಮ್ಮನೆ ಮಾತಾಗಿರಲಿಲ್ಲ. ಮೂರು ವರ್ಷದ ಹಿಂದೆ ಅವಳಮ್ಮ ಮಸ್ತೂರಾಳಿಗೆ ಸಕ್ಕರೆ ಕಾಯಿಲೆ ಏರಿ, ಕಾಲಿನ ಹುಣ್ಣು ಕೊಳೆತು, ಪಾದ ಕತ್ತರಿಸಬೇಕು ಎನ್ನುವವರೆಗೆ ಹೋಗಿತ್ತು. ನಗರದಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಓದು ಬಿಟ್ಟು ಓಡಿ ಬಂದಳು. ಮಾಂಸ, ಎಣ್ಣೆ, ಬಿಳಿ ಹಿಟ್ಟು, ಸಕ್ಕರೆ ನಾಲ್ಕನ್ನೂ ಮನೆಯಿಂದ ಹೊರಗೆ ಹಾಕಿದಳು. ಹೊಟ್ಟು ತೆಗೆಯದ ಗೋಧಿ, ಕಡಲೆ, ಹೆಸರು, ಕುಂಬಳ, ಸೊಪ್ಪು, ಒಣಗಿದ ಹಿಪ್ಪುನೇರಳೆ ಹಣ್ಣು... ಮಣ್ಣು ಕೊಟ್ಟದ್ದು ಹೇಗಿದೆಯೋ ಹಾಗೆ. ವರ್ಷದೊಳಗೆ ಹುಣ್ಣು ಮಾಯಿತು. ಮಸ್ತೂರಾ ಎದ್ದು ನಡೆದಾಡಿದಳು!

ಅದನ್ನು ಕಣ್ಣಾರೆ ಕಂಡ ಮೇಲೆ ಯಾರು ಸುಮ್ಮನಿರುತ್ತಾರೆ? ಅರ್ಧ ಊರು ಅವಳ ಹಿಂದೆ ಬಂತು. ಹತ್ತಿಯ ಹೊಲಗಳಲ್ಲಿ ಕಡಲೆ, ಹೆಸರು ಬಿತ್ತಿದರು. ಹತ್ತಿ ಕುಡಿಯುತ್ತಿದ್ದ ನೀರು ಕಾಲುವೆಯ ಕೊನೆಯ ಮನೆಯವರೆಗೂ ಹರಿಯತೊಡಗಿತು. ಇಂಥ ಹುಡುಗಿಗೆ ಬಂದು ನಿನ್ನ ರೊಟ್ಟಿಯಲ್ಲಿ ವಿಷ ಇದೆ ಎಂದರೆ?

"ಸ್ವಲ್ಪ ಹಿಟ್ಟು ಕೊಡಿ, ಪರೀಕ್ಷೆ ಮಾಡಿಸ್ತೀನಿ" ಎಂದ ಮೆಹ್ರೋಬ್.

ಗುಲ್ಚೆಹ್ರಾಳ ಕಣ್ಣು ಬಾಗಿಲಾಚೆ ನಿಂತಿದ್ದ ವ್ಯಾನಿನ ಮೇಲೆ ಬಿತ್ತು. ಬಿಳಿ ಹಿಟ್ಟಿನ ವ್ಯಾಪಾರಿ ಸಂಗಿನ್‌ನ ವ್ಯಾನು! ಇವಳಿಂದಾಗಿ ಈ ಊರಿನ ಅರ್ಧ ಗಿರಾಕಿಗಳನ್ನು ಕಳೆದುಕೊಂಡು ಹಲ್ಲು ಕಡಿಯುತ್ತಿದ್ದವನು ಅವನು.

"ಸಂಗಿನ್ ನಿಮಗೇನಾಗ್ಬೇಕು?"

"ಸೋದರಮಾವ... ಆದ್ರೆ ಅದಕ್ಕೂ ಇದಕ್ಕೂ..."

"ಸಾಕು! ಈಗ ಅರ್ಥ ಆಯ್ತು. ನಿಮ್ಮ ಮಾವನಿಗೆ ಹೇಳಿ, ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ. ಹೋಗಿ ಹೊರಗೆ!"

ಆತ ಹೋದ. ಹೋಗುವಾಗ ಒಮ್ಮೆ ತಿರುಗಿ ಮಸ್ತೂರಾಳ ಹೊಟ್ಟೆಯ ಕಡೆ ನೋಡಿದ. ಆ ನೋಟ ಗುಲ್ಚೆಹ್ರಾಳಿಗೆ ಮುಳ್ಳಿನಂತೆ ಚುಚ್ಚಿತು.

* * *

ಆಮೇಲಿನ ದಿನಗಳು ಒಳ್ಳೆಯವಾಗಿರಲಿಲ್ಲ.

ಬೀಸುವ ಕಲ್ಲಿನ ಸುತ್ತ ಕಾಳು ಹೆಕ್ಕುತ್ತಿದ್ದ ಕೋಳಿಗಳು ಒಂದೊಂದಾಗಿ ಮೂಲೆ ಸೇರಿ, ರೆಕ್ಕೆ ಇಳಿಬಿಟ್ಟು ನಿಂತಲ್ಲೇ ಸತ್ತವು. ಕೋಳಿಗೆ ರೋಗ ಬಂದಿದೆ ಎಂದರು ಊರವರು. ಕತ್ತೆಗೆ ಗೋಧಿ ನುಚ್ಚು ಇಟ್ಟರೆ ಮೂಸಿ ಮುಖ ತಿರುಗಿಸಿತು. ಕತ್ತೆಗೆ ಕೊಬ್ಬು ಎಂದರು.

ಮಸ್ತೂರಾಳ ಕೆನ್ನೆ ಒಳಗೆ ಹೋಯಿತು. ಬಲಪಕ್ಕೆಯ ಕೆಳಗೆ ಏನೋ ಒತ್ತಿದ ಹಾಗಾಗುತ್ತದೆ ಎನ್ನುತ್ತಿದ್ದಳು. ಸೊಂಟದ ದಾರ ಬಿಗಿಯಾಗುತ್ತಿತ್ತು.

"ಗುಲ್, ರೊಟ್ಟಿ ಕಹಿ ಅನ್ಸತ್ತೆ ಕಣೇ."

"ಬಾಯಿ ಕೆಟ್ಟಿದೆ ನಿನಗೆ. ಸಕ್ಕರೆ ಮತ್ತೆ ಏರಿರ್ಬೇಕು. ಇನ್ನೊಂದು ತುಂಡು ತಿನ್ನಮ್ಮ, ನನಗೋಸ್ಕರ... ಇದೇ ತಾನೇ ನಿನ್ನನ್ನ ಉಳಿಸಿದ್ದು?"

ಹೀಗೆ ಅಮ್ಮ ಸೊರಗಿದಷ್ಟೂ ಮಗಳು ಹೆಚ್ಚು ತಿನ್ನಿಸಿದಳು. ತನ್ನ ಪಾಲಿನದನ್ನೂ ಅಮ್ಮನ ತಟ್ಟೆಗೇ ಹಾಕಿ, ತಾನು ಕಡಲೆ ಬೇಯಿಸಿಕೊಂಡು ತಿಂದಳು. ಪ್ರೀತಿಗೆ ಕಣ್ಣಿಲ್ಲ ಎನ್ನುತ್ತಾರಲ್ಲ, ಕಿವಿಯೂ ಇರುವುದಿಲ್ಲ.

ಮೆಹ್ರೋಬ್ ದಿನಾ ಬರುತ್ತಿದ್ದ. ಈಗ ವ್ಯಾನಿಲ್ಲ, ನಡೆದೇ ಬರುತ್ತಿದ್ದ. ಬಾಗಿಲಾಚೆ ನಿಂತು ಕೇಳುತ್ತಿದ್ದ. "ಇವತ್ತು ಹೇಗಿದ್ದಾರೆ?"

"ನಿಮ್ಮ ಮಾವ ಕೇಳ್ಕೊಂಡು ಬಾ ಅಂದ್ರಾ?"

"ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಈ ಸುದ್ದಿ ಊರೆಲ್ಲ ಹಬ್ಬಿಸು ಅಂದ್ರು. ಆಗಲ್ಲ ಅಂದೆ."

'ನಂಬಲಾ? ಬೇಡವಾ?' ಗುಲ್ಚೆಹ್ರಾ ಬಾಗಿಲು ಮುಚ್ಚುತ್ತಿದ್ದಳು. ಮುಚ್ಚಿದ ಬಾಗಿಲಿಗೆ ಒರಗಿ, ಅವನ ಹೆಜ್ಜೆಯ ಸದ್ದು ಮರೆಯಾಗುವವರೆಗೂ ನಿಲ್ಲುತ್ತಿದ್ದಳು. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಆದರೆ ಎದೆ ಬೇರೆ ಏನನ್ನೋ ಎಣಿಸುತ್ತಿತ್ತು.

ಹನ್ನೊಂದನೆಯ ದಿನ ಸನವ್ಬರ್ ಖೋಲಾಳ ಗಂಡ ನಜರ್ ಬೋಬೋ, ಅಂದರೆ ನಜರ್ ತಾತ, ತೀರಿಕೊಂಡ. ಗುಲ್ಚೆಹ್ರಾಳ ಮಾತನ್ನು ವೇದವಾಕ್ಯವೆಂದು ನಂಬಿ, ಎಪ್ಪತ್ತರ ವಯಸ್ಸಿನಲ್ಲಿ ಮಾಂಸ ಬಿಟ್ಟ ಮುದುಕ. ಹೊರಲು ಬಂದ ಗಂಡಸರು ಅವನ ಹೊಟ್ಟೆ ನೋಡಿ ಮುಖ ಮುಖ ನೋಡಿಕೊಂಡರು.

ಸಾವಿನ ಮನೆಯಿಂದ ಬಂದ ಗುಲ್ಚೆಹ್ರಾ ಅಮ್ಮನ ಅಂಗಿ ಎತ್ತಿ ನೋಡಿದಳು.

ಅದೇ ಹೊಟ್ಟೆ! ಬಿಗಿದ ಚರ್ಮ, ಮೇಲೆ ನೀಲಿ ನರಗಳು...

ಬಾಗಿಲಾಚೆ ಮೆಹ್ರೋಬ್ ನಿಂತೇ ಇದ್ದ. ಈ ಸಲ ಅವಳೇ ತೆರೆದಳು.

"ಒಳಗೆ ಬನ್ನಿ" ಎಂದಳು. "ಹಿಟ್ಟು ಕೊಡ್ತೀನಿ."

"ಹಿಟ್ಟು ಬೇಡ. ಬೀಸದೇ ಇರೋ ಗೋಧಿ ಕೊಡಿ."

ಬಿಳಿ ಬಟ್ಟೆಯ ಮೇಲೆ ಎರಡು ಬೊಗಸೆ ಗೋಧಿ ಸುರಿದಳು. ಇಬ್ಬರೂ ಎದುರುಬದುರು ಕೂತು ಬೆರಳಿನಿಂದ ಕಾಳು ಸರಿಸತೊಡಗಿದರು. ಗೋಧಿಯ ನಡುನಡುವೆ ಸಾಸಿವೆಗಿಂತ ಚೂರು ದಪ್ಪಗಿನ, ಒರಟಾದ ಕಂದು ಬೀಜಗಳು. ಒಂದು, ಐದು, ಹದಿನೈದು... ಎಣಿಸುವುದನ್ನು ಬಿಟ್ಟಳು.

"ಕಹಿಕಳೆ" ಎಂದಳು ಗುಲ್ಚೆಹ್ರಾ ಪಿಸುದನಿಯಲ್ಲಿ.

"ಹೌದು. ಲಿವರ್‌ನಿಂದ ರಕ್ತ ಹೊರಗೆ ಹೋಗೋ ದಾರಿನೇ ಮುಚ್ಚಿಬಿಡುತ್ತೆ, ನಿಧಾನಕ್ಕೆ. ನಿಮ್ಮ ಗೋಧಿಗೆ ಇದು ಹೇಗೆ ಬಂತು? ಹೋದ ವರ್ಷ ಯಾರಿಗೂ ಏನೂ ಆಗಿಲ್ಲ."

ಹೇಗೆ ಬಂತು? ಅವಳಿಗೆ ಈಗ ಬೆಳಕಿನಷ್ಟು ಸ್ಪಷ್ಟವಾಗಿ ಕಂಡಿತು. ಈ ಬೇಸಿಗೆಯಲ್ಲಿ ಗೋಧಿ ಕೊಯ್ಲಿಗೆ ಬಂದ ವಾರವೇ ಊರಹಿರಿಯ ತೀರಿಕೊಂಡಿದ್ದ. ನಲವತ್ತು ದಿನದ ಸೂತಕ ಮುಗಿಯುವವರೆಗೆ ಯಾರೂ ಕುಡುಗೋಲು ಮುಟ್ಟಲಿಲ್ಲ. ಹಿರಿಯನಿಗೆ ಕೊಟ್ಟ ಮರ್ಯಾದೆ! ಆ ನಲವತ್ತು ದಿನದಲ್ಲಿ ಕಳೆ ಹೂಬಿಟ್ಟು, ಬೀಜ ಕಟ್ಟಿ, ಗೋಧಿಯ ಜೊತೆಗೇ ಕಣಕ್ಕೆ ಬಂದಿತ್ತು.

ಆದರೂ ಜರಡಿ ಹಿಡಿದಿದ್ದರೆ ಉದುರಿಹೋಗುತ್ತಿತ್ತಲ್ಲ...

ಅಯ್ಯೋ!

"ನಾನೇ..." ಅವಳು ಗೋಧಿಯಿಂದ ಕೈ ಹಿಂದಕ್ಕೆ ಎಳೆದುಕೊಂಡಳು. "ನಾನೇ ಹೇಳಿದ್ದು. ಇನ್ಮೇಲೆ ಯಾರ ಮನೇಲೂ ಜರಡಿ ಬೇಡ, ಗೋಧಿ ಪೂರ್ತಿಯಾಗಿ ಹೊಟ್ಟೆಗೆ ಹೋಗ್ಬೇಕು ಅಂತ. ಹಿಟ್ಟಿನ ಜರಡಿ ವಿಷಯ ಹೇಳಿದ್ದೆ, ಹೊಟ್ಟು ಹೋಗಬಾರದು ಅಂತ. ಕಾಳು ಸೋಸೋ ಜರಡಿನೂ ಎತ್ತಿಟ್ರು. ನೋಡಿದೆ... ನೋಡಿನೂ ಸುಮ್ಮನಿದ್ದೆ. ಒಂದು ಕೆಲಸ ಕಮ್ಮಿಯಾಯ್ತು ಅಂದ್ಕೊಂಡೆ!"

ಬಿಕ್ಕಿ ಬಿಕ್ಕಿ ಅತ್ತಳು. "ದಿನಾ ಬಾಯಿಗಿಟ್ಟೆ ಮೆಹ್ರೋಬ್! ಬೇಡ ಅಂದ್ರೂ ಇಟ್ಟೆ... ಅಮ್ಮ ಉಳೀತಾಳಾ?"

ಸುಳ್ಳು ಹೇಳುವುದು ಸುಲಭವಿತ್ತು. ಮೆಹ್ರೋಬ್ ಹೇಳಲಿಲ್ಲ. "ಇದಕ್ಕೆ ಮದ್ದಿಲ್ಲ. ತಿನ್ನೋದು ನಿಲ್ಲಿಸಿದ್ರೆ ಕೆಲವರು ಚೇತರಿಸ್ಕೋತಾರೆ. ಕೆಲವರು ಇಲ್ಲ. ಚಳಿಗಾಲ ದಾಟಿದ್ರೆ ಆಸೆ ಇಟ್ಕೋಬಹುದು."

ಕಂದು ಬೀಜಗಳನ್ನು ಕಾಗದದಲ್ಲಿ ಕಟ್ಟಿಕೊಳ್ಳುತ್ತ ಮತ್ತೆ ಎಂದ. "ಊರಿಗೆ ನಾನು ಹೇಳ್ತೀನಿ. ಕಣದಲ್ಲಿ ಕಳೆ ಬೆರೆತಿತ್ತು ಅಂತ ಅಷ್ಟೇ. ಜರಡಿ ಮಾತು ಎತ್ತಲ್ಲ. ನಿಮ್ಮ ಹೆಸರು ಬರೋದು ಬೇಡ."

ಗುಲ್ಚೆಹ್ರಾ ಕಣ್ಣೊರೆಸಿಕೊಂಡು ಎದ್ದಳು.

"ಜರಡಿ ಮಾತು ಎತ್ತದಿದ್ರೆ ನಾಳೆನೂ ಹಾಗೇ ಬೀಸ್ತಾರೆ. ನಾನೇ ಹೇಳ್ಬೇಕು."

* * *

ಅರವತ್ತು ಮನೆ. ಒಂದನ್ನೂ ಬಿಡಲಿಲ್ಲ. ಪ್ರತಿ ಬಾಗಿಲಲ್ಲೂ ಅದೇ ಮಾತು. "ನನ್ನ ತಪ್ಪು. ಆ ಹಿಟ್ಟು ಮಣ್ಣಿಗೆ ಹಾಕಿ. ಉಳಿದ ಗೋಧಿನ ಜರಡಿ ಹಿಡಿದು, ಕೈಯಲ್ಲಿ ಆರಿಸದೆ ಬೀಸ್ಬೇಡಿ." ಮೆಹ್ರೋಬ್ ಎರಡು ಹೆಜ್ಜೆ ಹಿಂದೆ, ಜರಡಿ ಹೊತ್ತು ನಡೆದ.

ಕೆಲವರು ಬೈದರು. ಕೆಲವರು ಬಾಗಿಲು ಹಾಕಿಕೊಂಡರು. ಕೊನೆಗೆ ಸನವ್ಬರ್ ಖೋಲಾಳ ಮನೆ.

"ನನ್ನ ಗಂಡ ನಿನ್ನ ಮಾತು ಕೇಳಿ ಮಾಂಸ ಬಿಟ್ಟ. ಈಗ ನನ್ನನ್ನೇ ಬಿಟ್ಟು ಹೋದ" ಎಂದಳು ಮುದುಕಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಏನ್ ಹೇಳೋಕೆ ಬಂದಿದ್ದೀಯ, ಮಗಳೇ?"

ಗುಲ್ಚೆಹ್ರಾ ಹೊಸ್ತಿಲಲ್ಲೇ ಕೂತು ಅತ್ತಳು. ಬಹಳ ಹೊತ್ತಿನ ಮೇಲೆ ಸನವ್ಬರ್ ಒಳಗಿನಿಂದ ತನ್ನ ಜರಡಿ ತಂದು ಅವಳ ಮುಂದೆ ಇಟ್ಟಳು. "ಅಳ್ತಾ ಕೂತ್ರೆ ಗೋಧಿ ಹಸನಾಗಲ್ಲ. ಏಳು."

ಮರುದಿನ ಸಂಗಿನ್ ಹಿಟ್ಟಿನ ಮೂಟೆ ತುಂಬಿಕೊಂಡು ಊರಿಗೆ ಬಂದ. "ಸೊಪ್ಪು ಸದೆ ತಿಂದು ಸತ್ರಲ್ಲ, ಇನ್ನಾದ್ರೂ ಮನುಷ್ಯರ ಊಟ ಮಾಡಿ!" ಎಂದು ಕೂಗಿದ.

"ಸಾಯಿಸಿದ್ದು ಸೊಪ್ಪೂ ಅಲ್ಲ, ಗೋಧಿನೂ ಅಲ್ಲ ಮಾವ" ಎಂದ ಮೆಹ್ರೋಬ್, ಹೆಂಗಸರ ಸಾಲಿನಲ್ಲಿ ಕೂತು ಕಾಳು ಆರಿಸುತ್ತ. "ಕಳೆ. ನಿಮ್ಮ ಹಿಟ್ಟು ತಿಂದು ಸಕ್ಕರೆ ಏರಿ ಕಾಲು ಕಳ್ಕೊಂಡೋರ ಲೆಕ್ಕನೂ ನನ್ನ ಹತ್ರ ಇದೆ. ಹೇಳ್ಲಾ?"

ಗಂಡಸು ಕಾಳು ಆರಿಸುವುದನ್ನು ಕಂಡು ಹೆಂಗಸರು ಮುಸಿಮುಸಿ ನಕ್ಕರು. ಆ ಊರಿನಲ್ಲಿ ಯಾರಾದರೂ ನಕ್ಕು ತಿಂಗಳಾಗಿತ್ತು.

ಆದರೆ ಗುಲ್ಚೆಹ್ರಾ ಮಾತ್ರ ತಂದೂರಿಗೆ ಬೆಂಕಿ ಹಾಕಲಿಲ್ಲ. ಹಿಟ್ಟು ಮುಟ್ಟಲೂ ಇಲ್ಲ. ಅಮ್ಮನಿಗೆ ಗಂಜಿ, ಬೇಳೆ, ಎಲ್ಲ ಸನವ್ಬರ್ ಖೋಲಾಳೇ ಮಾಡಿ ಕಳಿಸುತ್ತಿದ್ದಳು.

"ನೀವು ಇನ್ನು ಬರ್ಬೇಡಿ" ಎಂದಳು ಒಂದು ದಿನ ಮೆಹ್ರೋಬ್‌ಗೆ. "ನೀವು ಬಂದ್ರೆ ನನಗೆ... ಸಂತೋಷ ಆಗುತ್ತೆ. ನನಗೆ ಆ ಹಕ್ಕಿಲ್ಲ."

ಆತ ಮರುದಿನವೂ ಬಂದ. ಹಿಮ ಬಿದ್ದ ದಿನಗಳಲ್ಲೂ ಬಂದ. ಮಸ್ತೂರಾಳ ಹೊಟ್ಟೆಯ ಸುತ್ತಳತೆ ನೋಡಿ, ಬರೆದುಕೊಂಡು ಹೋಗುತ್ತಿದ್ದ. ಚಳಿಗಾಲದ ನಡುವೆ ಊರಿನ ಇನ್ನೊಬ್ಬಳು ತೀರಿಕೊಂಡಳು. ಆ ದಿನ ಗುಲ್ಚೆಹ್ರಾ ಅಮ್ಮನ ಕೈಯನ್ನು ಸಂಜೆಯವರೆಗೂ ಬಿಡಲಿಲ್ಲ.

* * *

ಹಿಮ ಕರಗಿ, ಏಪ್ರಿಕಾಟ್ ಮರ ಹೂಬಿಟ್ಟ ಒಂದು ಮಧ್ಯಾಹ್ನ ಮಸ್ತೂರಾ ದಿಂಬಿಗೆ ಒರಗಿ ಕೂತು ಎಂದಳು.

"ಗುಲ್, ರೊಟ್ಟಿ ಮಾಡು."

"ಖೋಲಾಗೆ ಹೇಳ್ತೀನಮ್ಮ."

"ಅವಳ ಕೈದು ಬೇಡ, ನಿನ್ನ ಕೈದು ಬೇಕು. ಸಾಯೋದಾದ್ರೂ ಮಗಳ ಕೈ ರುಚಿ ಮರೆತು ಸಾಯೋಳಲ್ಲ ನಾನು."

ಪಕ್ಕದಲ್ಲೇ ಇದ್ದ ಮೆಹ್ರೋಬ್ ಅಳತೆಪಟ್ಟಿ ಮಡಚಿದ. "ಎರಡು ಬೆರಳು ಇಳಿದಿದೆ. ಪೂರ್ತಿ ವಾಸಿ ಅಂತ ಹೇಳಲ್ಲ, ಲಿವರ್ ಮೊದಲಿನ ಹಾಗೆ ಆಗದೇ ಇರಬಹುದು. ಆದ್ರೆ ಇಳಿದಿದೆ, ಗುಲ್ಚೆಹ್ರಾ."

ಅವಳು ಗೋಧಿ ಜರಡಿ ಹಿಡಿದಳು. ಆರಿಸಿದಳು. ಮತ್ತೊಮ್ಮೆ ಆರಿಸಿದಳು. ಮೂರನೆಯ ಸಲ ಆರಿಸುವಾಗ ಮೆಹ್ರೋಬ್ ಬಂದು ಪಕ್ಕದಲ್ಲಿ ಕೂತ. ಹೊಟ್ಟು ಸಮೇತ ಬೀಸಿ, ನಾದಿ, ತಟ್ಟಿ, ತಂದೂರಿಗೆ ಅಂಟಿಸಿದಳು. ಬಿಸಿ ರೊಟ್ಟಿಯನ್ನು ಬಟ್ಟೆಯ ಮೇಲೆ ಇಟ್ಟವಳು ದೂರ ಸರಿದು ನಿಂತಳು.

ಮಸ್ತೂರಾ ರೊಟ್ಟಿಯನ್ನು ಎರಡು ಕೈಯಲ್ಲೂ ಹಿಡಿದು ಮುರಿದಳು. ಒಂದು ತುಂಡನ್ನು ಮಗಳ ಮುಂದೆ ಚಾಚಿದಳು. ಇನ್ನೊಂದನ್ನು ಮೆಹ್ರೋಬ್‌ನ ಮುಂದೆ.

ಗುಲ್ಚೆಹ್ರಾಳ ಮುಖ ಕೆಂಪಾಯಿತು. ಅವರಲ್ಲಿ ಹೆಣ್ಣಿನ ಮನೆಯವರು ಹೀಗೆ ರೊಟ್ಟಿ ಮುರಿದು ಕೊಟ್ಟರೆಂದರೆ ಮದುವೆ ನಿಶ್ಚಯವಾಯಿತೆಂದೇ ಅರ್ಥ.

"ಅಮ್ಮಾ! ಇದೇನು ನೀನು..."

"ಐದು ತಿಂಗಳಿಂದ ಬಾಗಿಲು ಸವೆಸ್ತಿದ್ದಾನೆ. ನನ್ನ ಹೊಟ್ಟೆ ಅಳೆಯೋಕೆ ಮಾತ್ರ ಬರ್ತಿದ್ದ ಅಂದ್ಕೊಂಡ್ಯಾ? ನನಗೆ ಹೊಟ್ಟೆ ಊದಿತ್ತು, ಕಣ್ಣು ಕುರುಡಾಗಿರ್ಲಿಲ್ಲ."

ಮೆಹ್ರೋಬ್ ತುಂಡನ್ನು ತೆಗೆದುಕೊಂಡು ಬಾಯಿಗಿಟ್ಟ. ನಿಧಾನವಾಗಿ ಅಗಿದ. ಗುಲ್ಚೆಹ್ರಾ ಅವನ ಗಂಟಲನ್ನೇ ನೋಡುತ್ತಿದ್ದಳು.

"ಹೆದರಿಕೆ ಆಗ್ಲಿಲ್ವಾ ನಿಮಗೆ?"

"ಆಯ್ತು. ನಿಮ್ಮನ್ನ ಬಿಟ್ಟು ಬದುಕೋದು ನೆನೆಸ್ಕೊಂಡೆ. ಅದಕ್ಕಿಂತ ಕಮ್ಮಿ ಹೆದರಿಕೆ ಇದು."

ಅವಳ ಕಣ್ಣು ತುಂಬಿ ಬಂತು. ಮತ್ತೆ ಕೇಳಿದಳು, ತೀರಾ ಮೆಲ್ಲಗೆ.

"ಇದರಲ್ಲಿ ಒಂದೇ ಒಂದು ಬೀಜ ಉಳಿದಿದ್ರೆ... ಎಷ್ಟು ದಿನಕ್ಕೆ ಗೊತ್ತಾಗತ್ತೆ?"

"ಒಂದು ಬೀಜ ಏನೂ ಮಾಡಲ್ಲ. ತುಂಬಾ ಇದ್ರೆ ಒಂದು ತಿಂಗಳು, ಎರಡು ತಿಂಗಳು."

"ಹಾಗಾದ್ರೆ ಎರಡು ತಿಂಗಳು ನೀವು ನನ್ನ ಕಣ್ಣೆದುರಿಗೇ ಇರ್ಬೇಕು. ಎಲ್ಲೂ ಹೋಗೋ ಹಾಗಿಲ್ಲ."

"ಅದಾದ್ಮೇಲೆ?"

"ನಾಳೆನೂ ನನ್ನ ಕೈ ರೊಟ್ಟಿ ತಿಂತೀರಲ್ಲ?"

"ತಿಂತೀನಿ."

"ನಾಳಿದ್ದು?"

"ಅವತ್ತೂ."

ಗುಲ್ಚೆಹ್ರಾ ತನ್ನ ಪಾಲಿನ ತುಂಡನ್ನು ಬಾಯಿಗಿಟ್ಟುಕೊಂಡಳು. ಅಳುತ್ತಲೇ ನಕ್ಕಳು.

"ಮತ್ತೆ ಎರಡು ತಿಂಗಳ ಲೆಕ್ಕ ದಿನಾ ಮೊದಲಿಂದ ಶುರುವಾಗುತ್ತೆ, ಮೆಹ್ರೋಬ್..."