ಯಾರ ಮಗಳು ನೀನು?

ಕೋರ್ಟಿನ ವಿಚಾರಣೆ ಮತ್ತೆ ಮುಂದಕ್ಕೆ ಹೋಯಿತು. ಹಿಂದಿನ ಸಲ ಯಾರದೋ ವರದಿ ಬಂದಿರಲಿಲ್ಲ; ಈ ಸಲ ವಕೀಲರು ಬದಲಾಗಿದ್ದರಂತೆ. ಮುಂದಿನ ತಿಂಗಳು ಬನ್ನಿ ಅಂದರು.

“ನಾಟ್ ಟುಡೇ?” ಅಂತ ಕಾರಿಡಾರಿನಲ್ಲಿ ಕೇಳಿದ ಹುಡುಗಿಯನ್ನು ಗಾರ್ಗಿ ಅವಳನ್ನು ನೋಡಿಕೊಳ್ಳುವವರ ಜೊತೆ ಕಳಿಸಿಕೊಟ್ಟಳು. ಕಾರಿಗೆ ಬಂದವಳೇ ಬ್ಯಾಗನ್ನು ಸೀಟಿನ ಮೇಲೆ ಒಗೆದು, ಸ್ಟೇರಿಂಗಿಗೆ ಹಣೆ ಆನಿಸಿ ಕುಳಿತಳು.

ಆಫೀಸಿನ ಜೊತೆಗೆ ತಾನಾಗಿಯೇ ಒಪ್ಪಿಕೊಂಡ ಸಂಬಳವಿಲ್ಲದ ಕೆಲಸವಿದು. ಮನೆಯಲ್ಲಿ ಏಟು ತಿಂದು, ಉಪವಾಸ ಬಿದ್ದು, ಸರ್ಕಾರದ ಕೈಗೆ ಬಂದ ಮಗುವಿನ ಜೊತೆ ಓಡಾಡಿ, ಅದಕ್ಕೆ ಏನು ಬೇಕೆಂದು ಜಡ್ಜ್ ಮುಂದೆ ಹೇಳುವುದು. ಗಾರ್ಗಿಯ ಪಾಲಿಗೆ ಬಂದವಳು ಒಂಬತ್ತು ವರ್ಷದ ಹುಡುಗಿ. ಹುಡುಗಿಯ ಹೆಸರನ್ನು ಗಾರ್ಗಿ ಯಾರಿಗೂ ಹೇಳುವಂತಿಲ್ಲ, ಅದು ಕೋರ್ಟಿನ ಕಟ್ಟಳೆ; ನಾವೂ ಕೇಳುವುದು ಬೇಡ. ಹುಡುಗಿಗೆ ಬೇಕಾಗಿದ್ದು ಚಿಕ್ಕಮ್ಮನ ಮನೆ. ಜಡ್ಜ್ ಹೂಂ ಅನ್ನಬೇಕು, ಅಷ್ಟೇ.

ಇನ್ನು ಗಾರ್ಗಿಯ ಗೆಳೆಯ ಸಿದ್ಧಾರೂಢ. ಹುಬ್ಬಳ್ಳಿಯವನು, ಪಾಲೋ ಆಲ್ಟೋದಲ್ಲಿ ಇಂಜಿನಿಯರು, ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಆ ಗುಳಿಗಾಗಿಯೇ ಗಾರ್ಗಿ ಅವನನ್ನು ನಗಿಸುತ್ತಿದ್ದಳು.

“ಶನಿವಾರ ಎಲ್ಲಿ ಹೋಗ್ತಿ?”

“ವಾಲಂಟಿಯರಿಂಗು.”

“ಎಂಥಾದ್ದು?”

“ಹೇಳೋ ಹಾಗಿಲ್ಲ ಸಿದ್ದು.”

“ಪತ್ತೇದಾರಿಣಿ ಏನವ್ವಾ ನೀ?”

ಒಂದು ಮಾತು ಬಿಟ್ಟುಕೊಟ್ಟರೆ ಮುಂದಿನ ಪ್ರಶ್ನೆ ಮಗುವಿನ ಬಗ್ಗೆಯೇ ಬರುತ್ತದೆಂದು ಅವಳು ಬಾಯಿ ಬಿಡುತ್ತಿರಲಿಲ್ಲ. ಈಚೀಚೆಗೆ ಅವನು ನಗುವುದನ್ನೂ ಬಿಟ್ಟಿದ್ದ.

ಹೋದ ಶನಿವಾರ ಎಡವಟ್ಟಾಯಿತು. ವಾಲ್ನಟ್ ಕ್ರೀಕಿನ ಪಾರ್ಕಿನಲ್ಲಿ ಅವಳೂ ಹುಡುಗಿಯೂ ಬಾತುಕೋಳಿ ನೋಡುತ್ತ ಕೂತಿದ್ದಾಗ ಸಿದ್ಧಾರೂಢ ಎದುರಾದ. ಕಣ್ಣರಳಿಸಿ ಬಂದು ಹುಡುಗಿಯ ಮುಂದೆ ಮಂಡಿಯೂರಿದ. ಮಗು ಕಂಡರೆ ನಮ್ಮವರು ಮೊದಲು ಕೇಳುವುದನ್ನೇ ಇಂಗ್ಲಿಷಿನಲ್ಲಿ ಕೇಳಿದ: ಯಾರ ಮಗಳು ನೀನು?

ಹುಡುಗಿ ಜಾಕೆಟ್ಟಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡಳು.

“ನೀನು ಹೋಗು,” ಅಂದಳು ಗಾರ್ಗಿ.

“ಅಲ್ಲ, ನಾ ಏನಂದೆ?”

“ಹೋಗು ಅಂದೆನಲ್ಲ.”

ಹೋದ. ಫೋನೂ ಇಲ್ಲ. ತಾನೇ ಮಾಡಿದರೆ ಏನು ಹೇಳುವುದು? ತಪ್ಪು ಏನೆಂದು ಹೇಳದೆ ಬೈದವಳು ತಾನು.

ಇವತ್ತು ಕೋರ್ಟು ಮುಗಿಸಿ ಸಂಜೆ ಅಪಾರ್ಟ್‌ಮೆಂಟಿಗೆ ಬಂದರೆ ಮೆಟ್ಟಿಲ ಮೇಲೆ ಸಿದ್ಧಾರೂಢ, ತೊಡೆಯ ಮೇಲೆ ಸ್ಟೀಲ್ ಡಬ್ಬಿ.

“ಇವತ್ತು ಜಗಳ ಆಡೋ ಶಕ್ತಿ ಇಲ್ಲ ನಂಗೆ,” ಅಂದಳು ಗಾರ್ಗಿ.

“ಜಗಳಾ ನಾಳಿಗೆ ಆಡೋಣು. ಮೊನ್ನೆ ಒಂದು ಮೀಟಿಂಗಿಗೆ ಹೋಗಿದ್ದೆ. ಕೋರ್ಟಿನ ಮಕ್ಕಳಿಗೆ ವಾಲಂಟಿಯರ್ ಆಗೋರ ಮೀಟಿಂಗು.”

ಗಾರ್ಗಿ ಬೀಗದ ಕೈಯನ್ನು ಬ್ಯಾಗಿಗೆ ಹಾಕಿ ಅವನ ಪಕ್ಕ ಕೂತಳು.

“ಆ ಕೂಸಿನ ಮಾರಿ ಕಣ್ಣ ಮುಂದಿಂದ ಹೋಗ್ಲೇ ಇಲ್ಲ. ಏನೇನೋ ಹುಡುಕಿದೆ. ನನ್ನ ಊಹೆ ಖರೇನೋ ಸುಳ್ಳೋ, ನೀ ಹೂಂ ಅನಬ್ಯಾಡ, ಉಹೂಂನೂ ಅನಬ್ಯಾಡ. ಇಂಥಾ ಮಕ್ಕಳಿಗೆ ಅಪ್ಪ-ಅವ್ವನ ಸುದ್ದಿ ಕೇಳೋದಂದ್ರ ಗಾಯ ಕೆರೆದಂಗ, ಅಂದ್ರು ಅಲ್ಲಿ. ನಾ ಅದನ್ನೇ ಕೇಳಿದ್ನಲ್ಲ, ನಕ್ಕೋತ.”

ಬೆಳಿಗ್ಗೆಯಿಂದ ತಡೆದಿದ್ದ ಅಳು ಅವಳಿಗೆ ಈಗ ಬಂತು. ಅವನು ಕಣ್ಣೊರೆಸಲು ಹೋಗಲಿಲ್ಲ, ಡಬ್ಬಿ ತೆರೆದು ಮುಂದೆ ಹಿಡಿದ.

“ಶೇಂಗಾ ಹೋಳಿಗಿ. ನಾನೇ ಮಾಡೀನಿ, ಎಲ್ಲಾ ಹರದಾವ.”

ಅಳುತ್ತಲೇ ನಕ್ಕಳು.

“ಇನ್ನ ಮ್ಯಾಲೆ ಎಲ್ಲಿದ್ದಿ, ಯಾರ ಜೋಡಿ, ಯಾವುದೂ ಕೇಳಂಗಿಲ್ಲ. ಒಂದು ಬಿಟ್ಟು. ನನ್ನ ಮದುವಿ ಆಗ್ತೀಯೇನು? ಅವಸರ ಇಲ್ಲ. ಮುಂದಿನ ವಾರ ಹೇಳು, ಮುಂದಿನ ತಿಂಗಳು ಹೇಳು.”

ಮುಂದಿನ ವಾರ, ಮುಂದಿನ ತಿಂಗಳು. ಕೋರ್ಟಿನಲ್ಲಿ ಈ ಮಾತು ಕೇಳಿ ಕೇಳಿಯೇ ಅವಳ ತಲೆ ಕೆಟ್ಟಿತ್ತು.

“ಇವತ್ತೇ ಹೇಳ್ತೀನಿ,” ಅಂದಳು. “ಒಂದಾದರೂ ಇವತ್ತೇ ತೀರ್ಮಾನ ಆಗಲಿ. ಹೂಂ.”

ಎಡಗೆನ್ನೆಯಲ್ಲಿ ಗುಳಿ ಬಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಭುಜಕ್ಕೆ ಭುಜ ತಾಗಿಸಿ ಹರಿದ ಹೋಳಿಗೆ ತಿಂದರು.

“ಈ ಶನಿವಾರ ನೀ...” ಎಂದು ಶುರು ಮಾಡಿದವನು, ಅವಳು ತಿರುಗಿ ನೋಡಿದ್ದೇ ತಡ, ಕೈಯಲ್ಲಿದ್ದ ತುಂಡನ್ನು ಅಷ್ಟೂ ಬಾಯಿಗೆ ತುರುಕಿಕೊಂಡು ಸುಮ್ಮನಾದ.